ಐನೂರರ ಗೆರೆಯಾಚೆ ಪೀಣ್ಯ

ಕಷ್ಟದಲ್ಲಿರುವವರಿಗೆ ನೆರವಾಗುವುದು ಪುಣ್ಯದ ಕೆಲಸವೆಂದು ನಮ್ಮ ಹಿರಿಯರು ನಂಬಿದ್ದರು. ಅದಕ್ಕೆ ತಿಂಗಳ ಸಂಬಳವೂ ಒಂದು ಮೇಜು ಕುರ್ಚಿಯೂ ಉಂಟೆಂದರೆ ನಕ್ಕಾರು. ವೈದ್ಯರು, ದಾದಿಯರು, ಉಪಾಧ್ಯಾಯರನ್ನು ಬಿಟ್ಟರೆ ಅಂಥ ಉದ್ಯೋಗವೊಂದನ್ನು ಬೆಂಗಳೂರಿನ ಹೊರವಲಯಕ್ಕೆ ತಂದದ್ದು ಕಾರ್ಖಾನೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಕಾರ್ಮಿಕ ಕಲ್ಯಾಣಾಧಿಕಾರಿ. ಜನರ ಬಾಯಲ್ಲಿ ‘ವೆಲ್‌ಫೇರ್ ಆಫೀಸರ್’.

ಈ ಹುದ್ದೆ ಬರಿಯ ಕರುಣೆಯಿಂದ ಹುಟ್ಟಿದ್ದಲ್ಲ. ಗಿರಣಿಗಳಲ್ಲಿ ಆಳುಗಳನ್ನು ಸೇರಿಸುವವನೂ ತೆಗೆಯುವವನೂ ಮೇಸ್ತ್ರಿಯೇ ಆಗಿದ್ದ ಕಾಲವೊಂದಿತ್ತು. ಅವನ ಕೈ ಬೆಚ್ಚಗೆ ಮಾಡದವನಿಗೆ ಕೆಲಸವಿಲ್ಲ. ಈ ಪದ್ಧತಿಯನ್ನು ಕಂಡ ವಿಟ್ಲಿ ಆಯೋಗ, ನೇಮಕದ ಅಧಿಕಾರವನ್ನು ಮೇಸ್ತ್ರಿಯಿಂದ ಬಿಡಿಸಿ ಲೇಬರ್ ಆಫೀಸರನ ಕೈಗೆ ಕೊಡಬೇಕೆಂದು 1931ರಲ್ಲಿ ಸಲಹೆ ಮಾಡಿತು. 1936ರಲ್ಲಿ ಮುಂಬಯಿಯಲ್ಲಿ ಟಾಟಾ ಅವರ ಸಮಾಜಕಾರ್ಯ ಶಾಲೆ ತೆರೆಯಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಕಾರ್ಖಾನೆ ಕಾಯಿದೆಯ 49ನೆಯ ಕಲಮು, 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು.

ಆ ಹೊತ್ತಿಗೆ ಬೆಂಗಳೂರಿನ ಅಂಚುಗಳಲ್ಲಿ ದೊಡ್ಡ ಕಾರ್ಖಾನೆಗಳು ಏಳತೊಡಗಿದ್ದವು. ವೈಟ್‌ಫೀಲ್ಡ್ ದಿಕ್ಕಿನ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ., ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಒಂದೊಂದಕ್ಕೂ ಸಾವಿರಾರು ಕೆಲಸಗಾರರು, ಕ್ಯಾಂಟೀನು, ವಸತಿ. ಪದವೀಧರ ಯುವಕನಿಗೆ ಗುಮಾಸ್ತಗಿರಿಯಲ್ಲದೆ ಇನ್ನೊಂದು ದಾರಿಯೂ ಕಾಣಿಸಿತು. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಆರಂಭವಾದ ಮೇಲೆ ಸಮಾಜಕಾರ್ಯವನ್ನು ಕಲಿಯಲು ಹೊರರಾಜ್ಯಕ್ಕೇ ಹೋಗಬೇಕೆಂಬ ತೊಡಕೂ ತಪ್ಪಿತು.

ಆದರೆ ಕೆಲಸ ಸುಲಭದ್ದಲ್ಲ. ಸಂಬಳ ಕೊಡುವವರು ಮಾಲೀಕರು, ಹಿತ ನೋಡಬೇಕಾದದ್ದು ಕಾರ್ಮಿಕರದು. ಈ ಅಧಿಕಾರಿ ಕಾರ್ಮಿಕನ ವಿರುದ್ಧ ಆಡಳಿತದ ಪರವಾಗಿ ವಾದಕ್ಕೆ ನಿಲ್ಲಕೂಡದೆಂದು ಅನೇಕ ರಾಜ್ಯಗಳ ನಿಯಮಗಳೇ ಕಟ್ಟು ಹಾಕಿದವು. ಹಾಗೆ ಹೇಳಬೇಕಾಗಿ ಬಂತೆಂದರೆ ಆ ಕುರ್ಚಿ ಎತ್ತ ವಾಲುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಹೂಡಿದ ಮುಷ್ಕರ 77 ದಿನ ನಡೆಯಿತು. ಅಂಥ ದಿನಗಳಲ್ಲಿ ಗೇಟಿನ ಒಳಗೂ ಸಲ್ಲದೆ ಹೊರಗೂ ಸಲ್ಲದೆ ನಿಲ್ಲುವುದು ಈ ಹುದ್ದೆಯ ಹಣೆಯಬರಹ.

ಇಷ್ಟಾದರೂ ಅದು ಇದ್ದ ಕಡೆ ಕಾರ್ಮಿಕನಿಗೆ ತಟ್ಟಲೊಂದು ಬಾಗಿಲಿತ್ತು. ಇಲ್ಲದ ಕಡೆಯ ಕಥೆಯೇ ಬೇರೆ. ಜಾಲಹಳ್ಳಿಯ ಮಗ್ಗುಲಲ್ಲಿ 1970ರ ದಶಕದಲ್ಲಿ ಬೆಳೆದ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳದೇ ಕಾರುಬಾರು. ಎಲ್ಲವನ್ನೂ ಕೂಡಿಸಿದರೆ ದುಡಿಯುವವರು ಲಕ್ಷಗಟ್ಟಲೆ. ಬಿಡಿಬಿಡಿಯಾಗಿ ಎಣಿಸಿದರೆ ಒಂದು ಶೆಡ್ಡಿನಲ್ಲಿ ಹತ್ತು, ಇಪ್ಪತ್ತು, ಐವತ್ತು. ಕಾಯಿದೆ ಎಣಿಸುವುದು ಬಿಡಿಯಾಗಿಯೇ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಟ್ಟಲು ಹೊರಟಿತು. ಮುಂದೆ ಅಲ್ಲಿಗೆ ಬಂದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಒಂದೇ ಆವರಣದಲ್ಲಿ ಸಾವಿರಾರು ಜನ. ಅವು ಸೇರಿದ್ದು ಮಾತ್ರ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪಾಲಿಗೆ; ಕಾರ್ಖಾನೆಯಲ್ಲದ ಕಾರಣ 49ನೆಯ ಕಲಮು ಅಲ್ಲಿಗೆ ಕಾಲಿಡಲಿಲ್ಲ.

2016ರ ಏಪ್ರಿಲ್ 18ರಂದು, ಭವಿಷ್ಯನಿಧಿ ಹಿಂತೆಗೆಯುವ ನಿಯಮ ಬದಲಾಯಿತೆಂದು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದರು. ಮರುದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಅವರ ದುಡ್ಡಿನ ವಿಚಾರವನ್ನು ಮೊದಲೇ ಕೂರಿಸಿಕೊಂಡು ತಿಳಿಸುವುದು ಯಾರ ಕೆಲಸವಾಗಿತ್ತು?

2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯಲ್ಲಿ ಐನೂರರ ಸಂಖ್ಯೆ 250ಕ್ಕೆ ಇಳಿದಿದೆ. ಸಮಾಜಕಾರ್ಯ ಓದಿದವರಿಗೆ ಅದು ಒಳ್ಳೆಯ ಸುದ್ದಿಯೇ. ಪೀಣ್ಯದ ಇಪ್ಪತ್ತು ಆಳಿನ ಲೇತ್ ಶೆಡ್ಡು ಆ ಗೆರೆಗೂ ಸಿಗುವುದಿಲ್ಲ. ದೂರದೂರಿನಿಂದ ಬಂದ ಹುಡುಗನನ್ನು ಅಲ್ಲಿಗೆ ಸೇರಿಸುವವನು ಹಲವು ವೇಳೆ ಗುತ್ತಿಗೆದಾರ. ಬೆರಳು ಯಂತ್ರಕ್ಕೆ ಸಿಕ್ಕಿದಾಗ ಹುಡುಗ ಹೋಗಿ ಹೇಳಿಕೊಳ್ಳಬೇಕಾದದ್ದೂ ಅವನಿಗೇ.