ಬೂತಾಯಿಗೂ ಒಂದು ಅಳತೆಪಟ್ಟಿ

ನಮ್ಮ ಕಾಸರಗೋಡಿನ ಕಡಲತಡಿಯ ಶಾಲೆಗಳಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಬೂತಾಯಿಯ ಪರಿಮಳ ಬರುವುದು ಹೊಸತಲ್ಲ. ಕನ್ನಡ, ತುಳುವಿನವರಿಗೆ ಬೂತಾಯಿ, ಮಲಯಾಳದವರಿಗೆ ಮತ್ತಿ. ಹೆಸರು ಎರಡಾದರೂ ಮೀನು ಒಂದೇ. ಈ ಪುಟ್ಟ ಮೀನಿಗೂ ಕಾನೂನಿಗೂ ಹಳೆಯ ನಂಟಿದೆ ಎಂಬುದನ್ನು ನಾವು ಮಕ್ಕಳಿಗೆ ಹೇಳಬೇಕು.

ಆಗ ನಮ್ಮ ಊರು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಬೂತಾಯಿಯಿಂದ ಎಣ್ಣೆ ತೆಗೆಯುತ್ತಿದ್ದರು, ತೆಂಗಿನ ಬುಡಕ್ಕೆ ಗೊಬ್ಬರವಾಗಿಯೂ ಹಾಕುತ್ತಿದ್ದರು. ಆದರೆ ಈ ಮೀನನ್ನು ನಂಬುವ ಹಾಗಿರಲಿಲ್ಲ. ಕೆಲವು ವರ್ಷ ರಾಶಿ ರಾಶಿ, ಕೆಲವು ವರ್ಷ ಬಲೆಗೆ ಬರೇ ನೀರು. ಕಾರಣ ಹುಡುಕಲು ಹಾರ್ನೆಲ್ ಮತ್ತು ನಾಯುಡು 1924ರಲ್ಲಿ ಬೂತಾಯಿಯ ಜೀವನಕ್ರಮದ ಬಗ್ಗೆ ಬರೆದರು. 1940ರ ದಶಕದ ಆರಂಭದಲ್ಲಿ ಮೀನು ತೀರಾ ಕಡಿಮೆಯಾದಾಗ, ದೇವನೇಸನ್ ಅವರ ಅಧ್ಯಯನದ ಆಧಾರದಲ್ಲಿ ಮದ್ರಾಸ್ ಸರಕಾರ 1943ರಲ್ಲಿ ಮರಿಮೀನು ಮತ್ತು ಮೊಟ್ಟೆಮೀನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಜಾರಿ ಮಾಡುವುದು ಕಷ್ಟವಾಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. 1980ರಲ್ಲಿ ಕೇರಳ ಸಮುದ್ರ ಮೀನುಗಾರಿಕಾ ನಿಯಂತ್ರಣ ಕಾಯಿದೆ ಬಂತು. 2012ರಲ್ಲಿ ರಾಜ್ಯಕ್ಕೆ ನಾಲ್ಕು ಲಕ್ಷ ಟನ್ನಿನ ಹತ್ತಿರ ಬೂತಾಯಿ ಸಿಕ್ಕಿತ್ತು. ಅನಂತರ ಇಳಿಮುಖ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯಂತೆ 2015ರಲ್ಲಿ ಕೇರಳ ಸರಕಾರ 14 ಜಾತಿಗಳಿಗೆ ಕನಿಷ್ಠ ಅಳತೆ ನಿಗದಿ ಮಾಡಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಇದು. 2017ರಲ್ಲಿ ಈ ಪಟ್ಟಿ 58 ಜಾತಿಗಳಿಗೆ ಬೆಳೆಯಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್. ಮೂತಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು.

ಮಕ್ಕಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ 15 ಸೆಂಟಿಮೀಟರ್. ಬಂಗುಡೆಯ ಮಿತಿ ಅದರ ತುದಿಗಿಂತ ಒಂದೇ ಗೀರು ಕಡಿಮೆ! ತರಗತಿಯಲ್ಲಿ ಇದನ್ನು ತೋರಿಸಿದಾಗ ಬೋಟಿಗೆ ಹೋಗುವವರ ಮನೆಯ ಹುಡುಗನೊಬ್ಬ ಕೇಳಿದ: "ಸಾರ್, ಬಲೆಯೊಳಗೆ ಯಾರು ಅಳೆಯುವುದು?"

ಪ್ರಶ್ನೆ ಸರಿಯಾಗಿಯೇ ಇದೆ. 1943ರ ನಿರ್ಬಂಧ ಸೋತದ್ದೂ ಇಂಥ ಕಷ್ಟದಿಂದಲೇ. ಗಾಳ ಹಾಕುವವನು ಮರಿಯನ್ನು ಜೀವಂತ ನೀರಿಗೆ ಬಿಡಬಹುದು. ಬಲೆಯಲ್ಲಿ ಒತ್ತಿ ಬಂದ ಮರಿ ಬದುಕುವುದು ಕಷ್ಟ. ಆದ್ದರಿಂದ ಬಲೆಯ ಕಣ್ಣು ದೊಡ್ಡದಿರಬೇಕು, ಮರಿಗಳ ಹಿಂಡು ಕಂಡರೆ ಬಲೆ ಬೀಸಬಾರದು. ಇನ್ನೊಂದು ಮಾತು: ಬೂತಾಯಿ ಮೊದಲು ಮೊಟ್ಟೆಗೆ ಬರುವುದು ಸುಮಾರು 15 ಸೆಂಟಿಮೀಟರ್ ಆದಾಗ. ಅಂದರೆ ಕಾನೂನಿನ 10 ಕೊನೆಯ ಗೆರೆ ಮಾತ್ರ, ಅದಕ್ಕೆ ಒಂದು ಪೀಳಿಗೆಯನ್ನು ಪೂರ್ತಿ ಕಾಯುವ ಶಕ್ತಿಯಿಲ್ಲ.

2021ರಲ್ಲಿ ಕೇರಳದ ಬೂತಾಯಿ ಬರೇ 3,297 ಟನ್ನಿಗೆ ಇಳಿಯಿತು. ಕಡಲಿನ ಬಿಸಿ, ಹವಾಮಾನದ ಏರುಪೇರೂ ಇದಕ್ಕೆ ಕಾರಣವೆನ್ನುತ್ತಾರೆ ವಿಜ್ಞಾನಿಗಳು. ಮುಂದೆ ಚೇತರಿಸಿಕೊಂಡಿತು. ಕಡಲಿನ ಬಿಸಿ ನಮ್ಮ ಕೈಯಲ್ಲಿಲ್ಲ, ಮಾರುಕಟ್ಟೆಯ ಬುಟ್ಟಿ ನಮ್ಮ ಕೈಯಲ್ಲಿದೆ. ಬೆರಳುದ್ದದ ಬೂತಾಯಿ ಅಗ್ಗಕ್ಕೆ ಸಿಕ್ಕಿದರೂ ಬೇಡ ಎನ್ನೋಣ. ಮುಂದಿನ ಮಳೆಗಾಲ ಕಳೆದ ಮೇಲೂ ನಮ್ಮ ಮಕ್ಕಳ ಬುತ್ತಿಯಲ್ಲಿ ಮೀನಿರಬೇಕಲ್ಲವೇ?