ಮೈಯರ್: ಒಂದು ಜರ್ಮನ್ ಮನೆತನದ ಹೆಸರಿನ ಇತಿಹಾಸ

ಜರ್ಮನರಲ್ಲಿ ಅತಿ ಹೆಚ್ಚಾಗಿ ಕೇಳಬರುವ ಮನೆತನದ ಹೆಸರುಗಳಲ್ಲಿ 'ಮೈಯರ್' ಎಂಬುದೂ ಒಂದು. ನಮ್ಮ ಗೌಡ, ಪಾಟೀಲ, ಕುಲಕರ್ಣಿಗಳಂತೆ ಇದು ಮೊದಲು ಹುದ್ದೆಯಾಗಿದ್ದು ಆಮೇಲೆ ಹೆಸರಾದುದು. ಲ್ಯಾಟಿನ್ನಿನಲ್ಲಿ 'ಮಾಯೋರ್' ಎಂದರೆ ದೊಡ್ಡವನು, ಹಿರಿಯನು; ಆ ಪದವೇ ಜರ್ಮನರ ಬಾಯಲ್ಲಿ ಸವೆದು 'ಮೈಯರ್' ಆಯಿತು. ಮಧ್ಯಯುಗದಲ್ಲಿ ಮಠಗಳ ಮತ್ತು ಸಾಮಂತರ ಭೂಮಿಕಾಣಿಗಳನ್ನು ನೋಡಿಕೊಂಡು, ಒಕ್ಕಲುಗಳಿಂದ ಧಾನ್ಯವನ್ನೂ ಬಿಟ್ಟಿ ಕೆಲಸವನ್ನೂ ವಸೂಲು ಮಾಡುತ್ತಿದ್ದ ಪಾರುಪತ್ಯಗಾರನೇ ಮೈಯರ್.

12, 13ನೆಯ ಶತಮಾನಗಳಲ್ಲಿ ಈ ಏರ್ಪಾಡು ಸಡಿಲವಾಗತೊಡಗಿತು. ಧಣಿಗಳು ತಮ್ಮ ಹಿಡುವಳಿಯನ್ನು ಗೇಣಿಗೆ ಕೊಟ್ಟರು. ಅಧಿಕಾರಿಯಾಗಿದ್ದ ಮೈಯರ್ ದೊಡ್ಡ ಗೇಣಿದಾರನಾದನು. ಮನೆತನದ ಹೆಸರುಗಳು ಜರ್ಮನಿಯಲ್ಲಿ ನೆಲೆಗೊಳ್ಳತೊಡಗಿದುದೂ ಹೆಚ್ಚುಕಡಮೆ ಅದೇ ಕಾಲದಲ್ಲಿ. ಮೈಯರರು ಎಲ್ಲೆಡೆಯೂ ಇದ್ದುದರಿಂದ ಗುರುತಿಗಾಗಿ ಮೇಲಿನ ಜಮೀನಿನವನು ಓಬರ್‌ಮೈಯರ್, ಕೆಳಗಿನವನು ನೀಡರ್‌ಮೈಯರ್, ಹಳ್ಳದ ಬದಿಯವನು ಬಾಖ್‌ಮೈಯರ್, ಹೊಸದಾಗಿ ಬಂದವನು ನೀಮೈಯರ್ ಎನಿಸಿಕೊಂಡನು. ಬರವಣಿಗೆಯಲ್ಲಂತೂ ಏಕರೂಪತೆಯೇ ಇಲ್ಲ. 1842ರಲ್ಲಿ ಶಾಖ ಮತ್ತು ಶ್ರಮಗಳ ಸಮಾನತೆಯನ್ನು ಪ್ರಕಟಿಸಿದ ರಾಬರ್ಟ್ ಮೈಯರನೂ ಮೂಲವಸ್ತುಗಳ ಪಟ್ಟಿಯನ್ನು ರಚಿಸಿದ ಲೋಥಾರ್ ಮೈಯರನೂ ತಮ್ಮ ಹೆಸರನ್ನು ಬೇರೆ ಬೇರೆ ಅಕ್ಷರಗಳಿಂದ ಬರೆದರು. ಉಚ್ಚಾರ ಮಾತ್ರ ಒಂದೇ.

ವೆಸ್ಟ್‌ಫಾಲಿಯಾ ಪ್ರಾಂತದ ಪದ್ಧತಿ ಇನ್ನೂ ವಿಚಿತ್ರವಾದುದು. ಅಲ್ಲಿ ಹೆಸರು ರಕ್ತವನ್ನು ಅನುಸರಿಸದೆ ಜಮೀನನ್ನು ಅನುಸರಿಸುತ್ತಿತ್ತು. ಹೊಲಮನೆಗೆ ಮಗಳೇ ವಾರಸುದಾರಳಾದರೆ ಮನೆವಾಳ್ತನಕ್ಕೆ ಬಂದ ಅಳಿಯನು ತನ್ನ ಹೆಸರನ್ನು ಬಿಟ್ಟು ಆ ಹೊಲಮನೆಯ ಹೆಸರನ್ನೇ ತಾಳುವನು, ಮಕ್ಕಳಿಗೂ ಅದೇ. ಆದುದರಿಂದ ಅಲ್ಲಿಯ ಮೈಯರನೊಬ್ಬನ ವಂಶಾವಳಿಯನ್ನು ತಂದೆಯಿಂದ ತಂದೆಗೆ ಹುಡುಕಹೊರಟವನು ದಾರಿ ತಪ್ಪುವುದು ಸಹಜ.

ಇಷ್ಟೂ ಲ್ಯಾಟಿನ್ ಮೂಲದ ಮೈಯರರ ಮಾತಾಯಿತು. ಇದೇ ಉಚ್ಚಾರದ ಮತ್ತೊಂದು ಹೆಸರು ಯಹೂದಿಗಳಲ್ಲಿತ್ತು. 'ಮೇಯೀರ್' ಎಂಬುದು ಹೀಬ್ರೂ ಭಾಷೆಯ ಅಂಕಿತನಾಮ. ಬೆಳಕು ಕೊಡುವವನು ಎಂದರ್ಥ. ದೊರೆಯ ಸೆರೆಯಲ್ಲಿಯೇ 1293ರಲ್ಲಿ ತೀರಿಕೊಂಡ ಮಹಾಪಂಡಿತ ರೋಥೆನ್‌ಬುರ್ಗಿನ ಮೇಯೀರನ ಹೆಸರಿದು. ಯಹೂದಿಗಳಲ್ಲಿ ಆಗ ಬಹುಮಟ್ಟಿಗೆ 'ಇಂಥವನ ಮಗ ಇಂಥವನು' ಎಂಬುದೇ ರೂಢಿಯಾಗಿತ್ತು. ಆಸ್ಟ್ರಿಯದಲ್ಲಿ 1787ರಲ್ಲಿ, ನೆಪೋಲಿಯನ್ನನ ಆಳ್ವಿಕೆಯಲ್ಲಿ 1808ರಲ್ಲಿ, ಪ್ರಷ್ಯದಲ್ಲಿ 1812ರಲ್ಲಿ ಹೊರಟ ಶಾಸನಗಳು ಅವರು ಸ್ಥಿರವಾದ ಮನೆತನದ ಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ವಿಧಿಸಿದುವು. ಮುಂಬಯಿಗೆ ಬಂದ ಮೈಸೂರು ಸೀಮೆಯವರು ಕಚೇರಿಯ ಅರ್ಜಿಯ ಮುಂದೆ ಕುಳಿತು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಡ್ಡಹೆಸರಾಗಿ ಬರೆದುಕೊಟ್ಟ ಸಂಗತಿ ವಾಚಕರಿಗೆ ಅನುಭವದಿಂದಲೇ ವಿದಿತವಾಗಿದೆ. ಯಹೂದಿಗಳಲ್ಲಿಯೂ ಎಷ್ಟೋ ಮಂದಿ ಹಾಗೆಯೇ ಹಿರಿಯರ ಹೆಸರನ್ನು ಬರೆಯಿಸಿದರು. ಮೇಯೀರ್ ಎಂಬುದು ದಫ್ತರದಲ್ಲಿ ಮೈಯರ್ ಆಯಿತು. 1791ರಲ್ಲಿ ಬೇರ್ ಮನೆತನದಲ್ಲಿ ಹುಟ್ಟಿದ ಸಂಗೀತಗಾರನೊಬ್ಬನು ತಾಯಿಯ ತಂದೆಯ ನೆನಪಿಗೆ ಈ ಹೆಸರನ್ನು ಮುಂದೆ ಸೇರಿಸಿಕೊಂಡು ಮೈಯರ್‌ಬೇರ್ ಎಂದು ಪ್ರಖ್ಯಾತನಾದನು.

ಹೀಗೆ ಪಾರುಪತ್ಯಗಾರನ ವಂಶಜನೂ ಮೇಯೀರನ ವಂಶಜನೂ ಒಂದೇ ಹೆಸರಿನವರಾದರು. ಇದು ಭಾಷಾಶಾಸ್ತ್ರದ ಕುತೂಹಲವಾಗಿಯೇ ಉಳಿಯಬಹುದಾಗಿತ್ತು. ಆದರೆ 1933ರ ಏಪ್ರಿಲಿನ ಕಾನೂನಿನಿಂದ ನಾಟ್ಸಿ ಸರ್ಕಾರವು ಯಹೂದಿ ಮೂಲದವರನ್ನು ನೌಕರಿಯಿಂದ ತೆಗೆಯಹೊರಟಾಗ ಹೆಸರನ್ನು ನೋಡಿ ಆಳನ್ನು ತಿಳಿಯುವಂತಿರಲಿಲ್ಲ. ಮೈಯರ್ ಎಂಬ ಅಧಿಕಾರಿಯು ತನ್ನ ಅಜ್ಜ ಅಜ್ಜಿಯರ ಜ್ಞಾನಸ್ನಾನದ ದಾಖಲೆಗಳನ್ನು ಚರ್ಚಿನ ಪುಸ್ತಕಗಳಿಂದ ತೆಗೆಯಿಸಿ ತರಬೇಕಾಯಿತು. ಕೊನೆಗೆ 1938ರ ಆಗಸ್ಟ್ 17ರ ಆಜ್ಞೆಯೊಂದು ಹೊರಟಿತು: ಸರ್ಕಾರವು ಗೊತ್ತುಮಾಡಿದ ಯಹೂದಿ ಅಂಕಿತನಾಮಗಳಲ್ಲಿ ಒಂದೂ ಇಲ್ಲದ ಯಹೂದಿ ಗಂಡಸರು 'ಇಸ್ರಾಯೇಲ್' ಎಂದೂ ಹೆಂಗಸರು 'ಸಾರಾ' ಎಂದೂ ಸೇರಿಸಿಕೊಳ್ಳತಕ್ಕದ್ದು. 1939ರ ಜನವರಿ 1ರಿಂದ, ಒಂದೇ ಬೀದಿಯಲ್ಲಿ ಬಾಳಿದ ಇಬ್ಬರು ಮೈಯರರಲ್ಲಿ ಒಬ್ಬನ ಕಾಗದಪತ್ರಗಳಲ್ಲಿ ಮಾತ್ರ ಆ ಹೊಸ ಹೆಸರು ಕಾಣಿಸಿಕೊಂಡಿತು.