ಖಾಲಿ ಜಾಗದ ಕಸುಬು

ಒಮರ್ ಯಾಘಿ 1965ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಹುಟ್ಟಿದರು. ಫೆಲೆಸ್ತೀನ್ ನಿರಾಶ್ರಿತರ ಮನೆ. ಒಂದೇ ಕೋಣೆ, ಮಕ್ಕಳೂ ಅಲ್ಲೇ, ಜಾನುವಾರುಗಳೂ ಅಲ್ಲೇ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಹದಿನೈದರ ವಯಸ್ಸಿನಲ್ಲಿ ಅವರು ಅಮೆರಿಕಕ್ಕೆ ಹೋದರು.

ಲೋಹದ ಅಯಾನುಗಳನ್ನು ಮೂಲೆಗಂಬ ಮಾಡಿ, ಇಂಗಾಲದ ಅಣುಗಳನ್ನು ತೊಲೆಯಾಗಿ ಜೋಡಿಸಿದರೆ ಕೋಣೆಕೋಣೆಯಾದ ಹರಳು ಸಿಗುತ್ತದೆ. ಇಂಥದ್ದೊಂದನ್ನು 1989ರಲ್ಲಿ ಮೊದಲು ಕಟ್ಟಿದವರು ಮೆಲ್ಬರ್ನಿನ ರಿಚರ್ಡ್ ರಾಬ್ಸನ್. ಆದರೆ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಇಂಥ ಕೋಣೆಗಳೊಳಗೆ ಅನಿಲ ಹೊಕ್ಕು ಹೊರಬರಬಲ್ಲದೆಂದು 1997ರಲ್ಲಿ ಜಪಾನಿನ ಸುಸುಮು ಕಿಟಗಾವ ತೋರಿಸಿದರು. 1999ರಲ್ಲಿ ಯಾಘಿ ಸತುವಿನಿಂದ ಕಟ್ಟಿದ ‘ಎಂಒಎಫ್-5’ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ, ಒಳಗೆ ಏನೂ ಇಲ್ಲದಿದ್ದರೂ ಕುಸಿಯಲಿಲ್ಲ. ಅದರ ಒಂದೆರಡು ಗ್ರಾಮ್ ಪುಡಿಯ ಒಳಗೋಡೆಗಳನ್ನು ಬಿಚ್ಚಿ ಹಾಸಿದರೆ ಒಂದು ಫುಟ್ಬಾಲ್ ಮೈದಾನದಷ್ಟಾಗುತ್ತದೆ!

ಇನ್ನೊಂದು ಬಗೆಯ ಪುಡಿ ರಾತ್ರಿಯ ಗಾಳಿಯಲ್ಲಿನ ತೇವವನ್ನು ಹೀರಿ, ಹಗಲ ಬಿಸಿಲಿಗೆ ಹನಿಯಾಗಿ ಬಿಟ್ಟುಕೊಡುತ್ತದೆ. 2017ರಲ್ಲಿ ಯಾಘಿ ತಂಡ ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಹೀಗೆ ನೀರು ಪಡೆಯಿತು.

2025ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೂ ಸಂದಿತು. ನಲ್ಲಿಯ ದಾರಿ ಕಾದ ಮನೆಯ ಹುಡುಗ ಗಾಳಿಯಿಂದಲೇ ನೀರಿಳಿಸಿದ. ಆ ನೀರು ಬಡವರ ಕೊಡಕ್ಕೂ ಇಳಿಯುವಷ್ಟು ಅಗ್ಗವಾದ ದಿನ ಈ ಚರಿತ್ರೆ ಪೂರ್ಣವಾದೀತು.